ಬ್ಲೂ-ರೇ ಪ್ರತಿಗಳ ಸಂಕೋಚನದಲ್ಲಿ ಬಿಟ್‌ರೇಟ್ ಆಯ್ಕೆ

ಬಿಟ್‌ರೇಟ್ ಆಯ್ಕೆ ಎಂದರೆ ಬ್ಲೂ-ರೇ ಅಥವಾ (ವಿಡಿಯೊ ಕ್ಯಾಮೆರಾಗಳ) ಎವಿಸಿಎಚ್‌ಡಿ ಡಿಸ್ಕ್‌ನಲ್ಲಿರುವ ಹೈ-ಡೆಫಿನಿಷನ್ ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮತ್ತೆ ಎನ್‌ಕೋಡ್ ಮಾಡಿ ಚಿಕ್ಕ ಫೈಲ್ ಆಗಿಸುವಾಗ ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಮಾಡಬೇಕೆಂದು ಗೊತ್ತುಮಾಡುವ ಕೆಲಸ. ಬಿಟ್ ಸಾಲದಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅತಿಯಾದರೆ ಕಣ್ಣಿಗೆ ಕಾಣದ ವ್ಯತ್ಯಾಸಕ್ಕಾಗಿ ಹಾರ್ಡ್ ಡಿಸ್ಕ್ ತುಂಬುತ್ತದೆ. ಎಲ್ಲ ವಿಡಿಯೊಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಚಿತ್ರದೊಳಗೆ ಏನಿದೆ, ಅದು ಹೇಗೆ ಚಲಿಸುತ್ತದೆ, ಬೆಳಕು ಎಷ್ಟಿದೆ ಎಂಬುದೇ ಬಿಟ್‌ರೇಟನ್ನು ತೀರ್ಮಾನಿಸುತ್ತದೆ.

ರಾಯಚೂರು ನಗರ, ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಈ ಕೆಲಸಕ್ಕೆ ಬರುವ ಡಿಸ್ಕ್‌ಗಳು ಎರಡು ಬಗೆಯವು. ಒಂದು, ದುಡ್ಡು ಕೊಟ್ಟು ತಂದ ಸಿನಿಮಾ. ಇನ್ನೊಂದು, ಮದುವೆ, ಜಾತ್ರೆ, ಆರಾಧನೆ, ಹಬ್ಬಗಳನ್ನು ವಿಡಿಯೊದವರು ಹಿಡಿದು ಡಿಸ್ಕಿಗೆ ಹಾಕಿಕೊಟ್ಟದ್ದು. ಮೊದಲನೆಯದು ಹಾಳಾದರೆ ಮತ್ತೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಎರಡನೆಯದು ಹಾಳಾದರೆ ಮುಗಿಯಿತು. ಅದರಲ್ಲಿ ಕುಳಿತು ಆಶೀರ್ವಾದ ಮಾಡಿದ ಅಜ್ಜಿಯನ್ನು ಇನ್ನೊಮ್ಮೆ ಚಿತ್ರೀಕರಿಸಲು ಬರುವುದಿಲ್ಲ. ಬಿಟ್‌ರೇಟ್ ಕುರಿತ ಬರಹಗಳು ಬಹುಮಟ್ಟಿಗೆ ಸಿನಿಮಾ ಡಿಸ್ಕನ್ನೇ ಕಣ್ಣಮುಂದೆ ಇಟ್ಟುಕೊಂಡಿರುತ್ತವೆ. ಆದರೆ ಹೆಚ್ಚು ಎಚ್ಚರ ಬೇಕಿರುವುದು ಎರಡನೆಯ ಬಗೆಗೆ.

ಡಿಸ್ಕ್‌ನಲ್ಲಿ ಏನಿರುತ್ತದೆ

1920×1080 ಅಳತೆಯ ಒಂದು ಚೌಕಟ್ಟಿನಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುವ ಸಾಮಾನ್ಯ ಪದ್ಧತಿಯಲ್ಲಿ ಪ್ರತಿ ಚುಕ್ಕೆಗೆ ಸರಾಸರಿ 12 ಬಿಟ್ ಬೇಕು. ಸೆಕೆಂಡಿಗೆ 24 ಚೌಕಟ್ಟುಗಳೆಂದು ಲೆಕ್ಕ ಹಾಕಿದರೆ ಏನೂ ಸಂಕೋಚಿಸದ ವಿಡಿಯೊಗೆ ಸೆಕೆಂಡಿಗೆ ಸುಮಾರು 597 ಮೆಗಾಬಿಟ್ ಆಯಿತು. ಬ್ಲೂ-ರೇ ಡಿಸ್ಕ್‌ನಲ್ಲಿ ವಿಡಿಯೊಗೆ ಇರುವ ಮಿತಿ ಸೆಕೆಂಡಿಗೆ 40 ಮೆಗಾಬಿಟ್. ಅಂದರೆ ಅಂಗಡಿಯಿಂದ ತಂದ ಡಿಸ್ಕ್‌ನಲ್ಲಿರುವುದೂ ಮೂಲವಲ್ಲ, ಈಗಾಗಲೇ ಹದಿನೈದು ಇಪ್ಪತ್ತು ಪಟ್ಟು ಹಿಂಡಿದ ಪ್ರತಿ. ಮನೆಯಲ್ಲಿ ನಡೆಯುವುದು ಎರಡನೆಯ ಸುತ್ತಿನ ಹಿಂಡುವಿಕೆ. ಮೊದಲ ಸುತ್ತಿನಲ್ಲಿ ಕಳೆದುಹೋದದ್ದು ಈ ಸುತ್ತಿನಲ್ಲಿ ಎಷ್ಟು ಬಿಟ್ ಸುರಿದರೂ ಮರಳುವುದಿಲ್ಲ.

2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಡಿಸ್ಕ್ ಒಂದು ಪದರಕ್ಕೆ 25 ಜಿಬಿ, ಎರಡು ಪದರಕ್ಕೆ 50 ಜಿಬಿ ಹಿಡಿಯುತ್ತದೆ. ಅದರ ಎದುರಾಳಿಯಾಗಿದ್ದ ಎಚ್‌ಡಿ ಡಿವಿಡಿಗೆ ಇದ್ದದ್ದು 15 ಮತ್ತು 30 ಜಿಬಿ. 2008ರ ಫೆಬ್ರುವರಿಯಲ್ಲಿ ತೋಷಿಬಾ ಕೈಬಿಟ್ಟ ಮೇಲೆ ಅದರ ಕಥೆ ಮುಗಿಯಿತು. ಬ್ಲೂ-ರೇ ಎಂಪೆಗ್-2, ವಿಸಿ-1, ಎಚ್.264 ಈ ಮೂರು ಕೋಡೆಕ್‌ಗಳನ್ನು, ಅಂದರೆ ಸಂಕೋಚನ ವಿಧಾನಗಳನ್ನು, ಒಪ್ಪುತ್ತದೆ. ಎಂಪೆಗ್-2 ಹಳೆಯದು; ಅಷ್ಟೇ ಚೆಂದದ ಚಿತ್ರಕ್ಕೆ ಎಚ್.264ಕ್ಕಿಂತ ಬಹಳ ಹೆಚ್ಚು ಬಿಟ್ ಕೇಳುತ್ತದೆ. ಆರಂಭದ ವರ್ಷಗಳ ಎಂಪೆಗ್-2 ಡಿಸ್ಕ್ ಒಂದನ್ನು ಎಚ್.264ಕ್ಕೆ ತಿರುಗಿಸಿದರೆ ಗಾತ್ರ ಬಹಳ ಇಳಿಯುವುದು ಇದೇ ಕಾರಣಕ್ಕೆ.

ಡಿಸ್ಕ್‌ನಲ್ಲಿ 30 ಮೆಗಾಬಿಟ್ ಇದೆ ಎಂದಾಕ್ಷಣ ಆ ಚಿತ್ರಕ್ಕೆ ಅಷ್ಟು ಬೇಕೇ ಬೇಕು ಎಂದು ತಿಳಿಯುವುದು ತಪ್ಪು. 50 ಜಿಬಿ ಜಾಗ ಹೇಗೂ ಇದೆ ಎಂದು ತಯಾರಕರು ಅದನ್ನು ತುಂಬುತ್ತಾರೆ. ಜೊತೆಗೆ, ರಿಮೋಟ್ ಒತ್ತಿದ ಕೂಡಲೇ ಮುಂದಕ್ಕೆ ಹಿಂದಕ್ಕೆ ಹಾರಲು ಅನುಕೂಲವಾಗಲೆಂದು ಡಿಸ್ಕ್‌ನಲ್ಲಿ ಒಂದೆರಡು ಸೆಕೆಂಡಿಗೊಂದು ಪೂರ್ಣ ಚೌಕಟ್ಟು ಇರಲೇಬೇಕೆಂಬ ನಿಯಮವಿದೆ. ಪೂರ್ಣ ಚೌಕಟ್ಟು ಎಂದರೆ ಹಿಂದಿನದನ್ನು ಆಧರಿಸದೆ ತನ್ನಷ್ಟಕ್ಕೆ ಬಿಡಿಸಿಕೊಳ್ಳುವ ಚಿತ್ರ. ಅದು ಬಹಳ ಬಿಟ್ ತಿನ್ನುತ್ತದೆ. ಮನೆಯ ಫೈಲ್‌ಗೆ ಈ ಕಟ್ಟುಪಾಡು ಇಲ್ಲ. ಎಚ್.264 ಫೈಲ್ ಮಾಡುವ ಎಕ್ಸ್264 ಎನ್‌ಕೋಡರ್ ತನ್ನಷ್ಟಕ್ಕೆ ಬಿಟ್ಟರೆ 250 ಚೌಕಟ್ಟುಗಳವರೆಗೂ, ಅಂದರೆ ಹತ್ತು ಸೆಕೆಂಡಿನವರೆಗೂ, ಒಂದೇ ಪೂರ್ಣ ಚೌಕಟ್ಟಿನಲ್ಲಿ ನಿಭಾಯಿಸುತ್ತದೆ. ಗುಣಮಟ್ಟ ಮುಟ್ಟದೆಯೇ ಇಲ್ಲೊಂದು ಉಳಿತಾಯ ಸಿಗುತ್ತದೆ.

ವಿಡಿಯೊದವರು ಕೊಟ್ಟ ಡಿಸ್ಕ್‌ನ ಸ್ಥಿತಿ ಬೇರೆ. ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಮಾದರಿಯಲ್ಲಿ ಕ್ಯಾಮೆರಾ ಎಚ್.264ರಲ್ಲೇ ಹಿಡಿಯುತ್ತದೆ, ಮಿತಿ ಸೆಕೆಂಡಿಗೆ 24 ಮೆಗಾಬಿಟ್, 2011ರ ಎರಡನೇ ಆವೃತ್ತಿಯಲ್ಲಿ 28. ಅದನ್ನು ಸಾಮಾನ್ಯ ಡಿವಿಡಿ ಡಿಸ್ಕಿಗೆ ಬರೆಯುವುದಾದರೆ ಮಿತಿ 18 ಮೆಗಾಬಿಟ್. 4.7 ಜಿಬಿ ಡಿಸ್ಕ್‌ನಲ್ಲಿ ಆ ದರದಲ್ಲಿ ಹಿಡಿಯುವುದು ಸುಮಾರು 35 ನಿಮಿಷ ಮಾತ್ರ. ಒಂದು ಮದುವೆಗೆ ಐದಾರು ಡಿಸ್ಕ್‌ಗಳ ಕಟ್ಟು ಬರುವುದು ಹೀಗೆ. ಕ್ಯಾಮೆರಾದೊಳಗಿನ ಚಿಪ್ ಸ್ಥಳದಲ್ಲೇ, ಓಡುತ್ತಲೇ ಎನ್‌ಕೋಡ್ ಮಾಡುವುದರಿಂದ ಸ್ಟುಡಿಯೊ ಎನ್‌ಕೋಡರ್‌ನಷ್ಟು ಜಾಣತನ ಅದಕ್ಕಿಲ್ಲ. 18 ಮೆಗಾಬಿಟ್ ಇದ್ದರೂ ಚಿತ್ರದಲ್ಲಿ ಗದ್ದಲ, ಅಂದರೆ ಕತ್ತಲೆಯಲ್ಲಿ ಜುಳುಜುಳು ಹರಿದಾಡುವ ಕಾಳು ಕಾಳಾದ ನಾಯ್ಸ್, ಸಾಕಷ್ಟಿರುತ್ತದೆ. ಮರು ಎನ್‌ಕೋಡ್ ಮಾಡುವಾಗ ಬಿಟ್‌ಗಳನ್ನು ನುಂಗುವುದು ಈ ಗದ್ದಲವೇ.

ಗಾತ್ರ ಹಿಡಿದು ಲೆಕ್ಕ ಹಾಕುವ ರೂಢಿ

ಕರ್ನಾಟಕದ ಮನೆಗಳಲ್ಲಿ ಸಿನಿಮಾ ಡಿಸ್ಕ್ ಎಂದರೆ ಬಹುಕಾಲ ವಿಸಿಡಿಯೇ ಆಗಿತ್ತು. 352×288 ಚುಕ್ಕೆ, ಎಂಪೆಗ್-1, ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್ ವಿಡಿಯೊ. ಒಂದು ಡಿಸ್ಕಿಗೆ ಒಂದೂಕಾಲು ಗಂಟೆ. ಎರಡೂವರೆ ಗಂಟೆಯ ಕನ್ನಡ ಚಿತ್ರ ಎರಡು, ಕೆಲವೊಮ್ಮೆ ಮೂರು ಡಿಸ್ಕ್‌ಗಳಲ್ಲಿ ಬರುತ್ತಿತ್ತು. ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟು ಮಾರಿದ ಮೇಲೆ ಸಣ್ಣ ಊರುಗಳಿಗೂ ಡಿವಿಡಿ ಮುಟ್ಟಿತು. ಡಿವಿಡಿಯನ್ನು 700 ಎಂಬಿ ಸಿಡಿಯೊಳಗೆ ತುರುಕುವ ಅಭ್ಯಾಸವೂ ಅದೇ ಕಾಲದ್ದು. ಎರಡೂವರೆ ಗಂಟೆಯ ಚಿತ್ರವನ್ನು ಸಿಡಿಗೆ ಹಿಡಿಸಿದರೆ ಧ್ವನಿಗೆ ಕೊಟ್ಟು ಚಿತ್ರಕ್ಕೆ ಉಳಿಯುತ್ತಿದ್ದದ್ದು ಸೆಕೆಂಡಿಗೆ ಅರ್ಧ ಮೆಗಾಬಿಟ್. ಡಿಸ್ಕ್‌ನ ಅಳತೆ ಗಟ್ಟಿ, ಚಿತ್ರವೇ ಬಗ್ಗಬೇಕು ಎಂಬ ಆ ರೂಢಿ ಸಿಡಿ ಹೋದ ಮೇಲೂ ಉಳಿಯಿತು. ಇಂದಿಗೂ ಒಂದು ಸಿನಿಮಾಗೆ ಇಷ್ಟೇ ಜಿಬಿ ಎಂದು ಮೊದಲೇ ಗೆರೆ ಎಳೆದು ಕೂರುವವರಿದ್ದಾರೆ.

ಲೆಕ್ಕವೇನೋ ಸುಲಭ. ಜಿಬಿಯನ್ನು 8000ದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿದರೆ ಒಟ್ಟು ಬಿಟ್‌ರೇಟ್ ಮೆಗಾಬಿಟ್‌ನಲ್ಲಿ ಬರುತ್ತದೆ. ಎರಡೂವರೆ ಗಂಟೆ ಎಂದರೆ 9000 ಸೆಕೆಂಡು. 4.7 ಜಿಬಿಯ ಖಾಲಿ ಡಿವಿಡಿಗೆ ಅದು ಹಿಡಿಯಬೇಕಾದರೆ 37,600ನ್ನು 9000ದಿಂದ ಭಾಗಿಸಿ 4.18 ಮೆಗಾಬಿಟ್, ಧ್ವನಿಗೆ 0.4 ತೆಗೆದರೆ ಚಿತ್ರಕ್ಕೆ ಉಳಿದದ್ದು 3.8ರಷ್ಟು. ಅದೇ ಡಿಸ್ಕಿಗೆ ಮೂರು ಗಂಟೆಯ ಚಿತ್ರವಾದರೆ ಎಲ್ಲ ಸೇರಿ 3.5ಕ್ಕಿಂತ ಕಡಿಮೆ. ಇನ್ನೊಂದು ಗೋಡೆ ಪೆನ್‌ಡ್ರೈವ್‌ನದು. ಹಳೆಯ ಟಿವಿಗಳು ಓದುವ ಫ್ಯಾಟ್32 ಮಾದರಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎರಡೂವರೆ ಗಂಟೆಗೆ ಧ್ವನಿಯೂ ಸೇರಿ 3.8 ಮೆಗಾಬಿಟ್ ಅಲ್ಲಿಗೆ ನಿಲ್ಲುತ್ತದೆ. ಟಿವಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಓದುತ್ತದೆಯೇ ಎಂದು ಒಮ್ಮೆ ಹಾಕಿ ನೋಡಿದರೆ ಎಷ್ಟೋ ಸಲ ಈ ಮಿತಿಯೇ ಬೇಕಾಗುವುದಿಲ್ಲ.

ಗಾತ್ರ ನಿಜಕ್ಕೂ ನಿಗದಿಯಾಗಿದ್ದರೆ ಎರಡು ಸುತ್ತಿನ ಎನ್‌ಕೋಡಿಂಗ್ ಮಾಡಬೇಕು. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಇಡೀ ವಿಡಿಯೊ ನೋಡಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯದರಲ್ಲಿ ಇರುವ ಬಿಟ್‌ಗಳನ್ನು ಅದರಂತೆ ಹಂಚುತ್ತದೆ. ಸ್ಥಿರ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೂ ಒಂದೇ ಪ್ರಮಾಣ, ಮನೆಯ ಪ್ರತಿಗಳಿಗೆ ಎಂದೂ ಸಲ್ಲದ ಆಯ್ಕೆ. ಮಂಟಪದಲ್ಲಿ ಸುಮ್ಮನೆ ಕುಳಿತ ವಧೂವರರಿಗೂ, ಮೆರವಣಿಗೆಯಲ್ಲಿ ಕುಣಿಯುವ ಗುಂಪಿಗೂ ಒಂದೇ ಪಾಲು ಕೊಟ್ಟರೆ ಅಲ್ಲಿ ವ್ಯರ್ಥ, ಇಲ್ಲಿ ಕೊರತೆ.

ಗುಣಮಟ್ಟ ಹಿಡಿದು ಹೋಗುವ ಪದ್ಧತಿ

ಗಾತ್ರದ ಗೆರೆ ಇಲ್ಲದಿದ್ದಾಗ ಸರಿಯಾದ ದಾರಿ ಸಿಆರ್‌ಎಫ್, ಅಂದರೆ ಗುಣಮಟ್ಟವನ್ನು ಒಂದು ಅಂಕಿಯಲ್ಲಿ ಕಟ್ಟಿಹಾಕಿ ಬಿಟ್‌ರೇಟನ್ನು ಎನ್‌ಕೋಡರ್‌ಗೇ ಬಿಟ್ಟುಬಿಡುವುದು. ಎಕ್ಸ್264ರಲ್ಲಿ ಈ ಅಂಕಿ 0ಯಿಂದ 51ರವರೆಗೆ ಓಡುತ್ತದೆ, ತಾನಾಗಿ ಇರುವುದು 23. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಆರು ಹೆಜ್ಜೆ ಕೆಳಗಿಳಿಸಿದರೆ ಗಾತ್ರ ಹೆಚ್ಚೂಕಡಿಮೆ ಇಮ್ಮಡಿ. ಎಚ್.264ರ ನಂತರದ ಕೋಡೆಕ್ ಆದ ಎಚ್‌ಇವಿಸಿಗೆ ಬಳಸುವ ಎಕ್ಸ್265ರಲ್ಲಿ ತಾನಾಗಿ ಇರುವುದು 28. ಎರಡರ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಹ್ಯಾಂಡ್‌ಬ್ರೇಕ್ ತಂತ್ರಾಂಶದವರು 1080ಪಿ ವಿಡಿಯೊಗೆ 20ರಿಂದ 24, 4ಕೆ ವಿಡಿಯೊಗೆ 22ರಿಂದ 28 ಸೂಚಿಸುತ್ತಾರೆ. ಮನೆಯ ದೊಡ್ಡ ಟಿವಿಯಲ್ಲಿ ಹತ್ತಿರ ಕುಳಿತು ನೋಡುವವರಿಗೆ, ಮತ್ತು ಮರಳಿ ಸಿಗದ ವಿಡಿಯೊಗೆ, 18ರಿಂದ 20 ಸೂಕ್ತ.

ಸಿಆರ್‌ಎಫ್ 20ರಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಸ್ವಚ್ಛವಾದ ಸಿನಿಮಾ ಎಚ್.264ರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 10 ಮೆಗಾಬಿಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. 8 ಮೆಗಾಬಿಟ್ ಬಂದರೆ ಎರಡೂವರೆ ಗಂಟೆಗೆ ಚಿತ್ರದ ಪಾಲು 9 ಜಿಬಿ. ಅದೇ ಅಂಕಿಯಲ್ಲಿ ಫಿಲ್ಮ್ ರೀಲಿನಲ್ಲಿ ತೆಗೆದ ಹಳೆಯ ಚಿತ್ರ 15, 20 ಮೆಗಾಬಿಟ್ ದಾಟಬಹುದು. ಕಾರಣ ಫಿಲ್ಮ್‌ನ ಕಣಗಳು. ಪ್ರತಿ ಚೌಕಟ್ಟಿನಲ್ಲೂ ಕಣಗಳ ಹರಡಿಕೆ ಹೊಸದು; ಹಿಂದಿನ ಚೌಕಟ್ಟಿನಿಂದ ಊಹಿಸಲು ಎನ್‌ಕೋಡರ್‌ಗೆ ಆಧಾರವೇ ಇಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಕಪ್ಪು-ಬಿಳುಪು ಚಿತ್ರ. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇಂಥ ಚಿತ್ರಗಳಲ್ಲಿ ಕಣಗಳು ದೋಷವಲ್ಲ, ಚಿತ್ರದ ಮೈ. ಅವನ್ನು ಒರೆಸಿ ಬಿಟ್ ಉಳಿಸಿದರೆ ಮುಖಗಳು ಮೇಣದಂತೆ ಕಾಣುತ್ತವೆ. ಎಕ್ಸ್264ರಲ್ಲಿ ಗ್ರೇನ್ ಎಂಬ ಟ್ಯೂನ್ ಇರುವುದು ಇಂಥವಕ್ಕಾಗಿ. ಫೈಲ್ ದೊಡ್ಡದಾಗಲಿ, ಕಪ್ಪು-ಬಿಳುಪು ಚಿತ್ರಕ್ಕೆ ಬಿಟ್ ಕಡಿಮೆ ಸಾಕು ಎಂದು ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬಾರದು.

ಎಲ್ಲ ಚಿತ್ರಕ್ಕೂ ಒಂದೇ ಬಿಟ್‌ರೇಟ್ ಸಲ್ಲದು ಎಂಬುದನ್ನು ದೊಡ್ಡ ಕಂಪನಿಗಳೂ ತಡವಾಗಿಯೇ ಒಪ್ಪಿದವು. ನೆಟ್‌ಫ್ಲಿಕ್ಸ್ ಮೊದಲು ಎಲ್ಲ ಚಿತ್ರಗಳಿಗೂ ಬಿಟ್‌ರೇಟ್‌ಗಳ ಒಂದೇ ಏಣಿ ಇಟ್ಟುಕೊಂಡಿತ್ತು. 1080ಪಿಯ ತುದಿ ಮೆಟ್ಟಿಲು 5.8 ಮೆಗಾಬಿಟ್. ಗದ್ದಲ ತುಂಬಿದ ಚಿತ್ರಗಳಿಗೆ ಅದು ಸಾಲದೆ ಚೌಕಗಳು ಕಾಣುತ್ತಿದ್ದವು, ಸರಳ ಕಾರ್ಟೂನ್‌ಗಳಿಗೆ ಅದು ಅಗತ್ಯಕ್ಕಿಂತ ಬಹಳ ಹೆಚ್ಚಾಗುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಚಿತ್ರಕ್ಕೊಂದು ಏಣಿ ಎಂಬ ಪದ್ಧತಿಯನ್ನು ಅದು ಪ್ರಕಟಿಸಿತು. ಮನೆಯಲ್ಲಿ ಸಿಆರ್‌ಎಫ್ ಬಳಸುವವರು ಮಾಡುವುದೂ ಬಹುತೇಕ ಅದನ್ನೇ.

ರಾಯಚೂರು ಸೀಮೆಯ ದೃಶ್ಯಗಳು

ಕೋಡೆಕ್‌ಗೆ ಯಾವುದು ಕಷ್ಟ ಎಂದು ತಿಳಿಯಲು ಈ ಜಿಲ್ಲೆಯ ಹಬ್ಬಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಮೊಹರಂ ರಾತ್ರಿ ಇಲ್ಲಿ ಅಲಾಯಿ ಹಬ್ಬ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹೆಸರುವಾಸಿ. ದೇವದುರ್ಗ ಸೀಮೆಯ ಹಳ್ಳಿಗಳಲ್ಲೂ ಹಿಂದೂ ಮುಸ್ಲಿಮರು ಕೂಡಿ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ಹೆಜ್ಜೆ ಹಾಕುತ್ತಾರೆ. ಆ ದೃಶ್ಯವನ್ನು ಎನ್‌ಕೋಡರ್‌ನ ಕಣ್ಣಿಂದ ನೋಡಬೇಕು. ನಡುವೆ ಬೆಂಕಿ: ಅದರ ಆಕಾರ ಪ್ರತಿ ಚೌಕಟ್ಟಿಗೂ ಬೇರೆ, ಊಹೆಗೆ ಸಿಗುವುದಿಲ್ಲ. ಮೇಲೆ ಹಾರುವ ಕಿಡಿಗಳು ಎರಡು ಮೂರು ಚುಕ್ಕೆಯಷ್ಟು ಸಣ್ಣವು, ವೇಗ ಹೆಚ್ಚು. ಸುತ್ತ ಹೊಗೆ: ಅಂಚೇ ಇಲ್ಲದ, ಮೆಲ್ಲಗೆ ಬದಲಾಗುವ ಬೂದು. ಅದರಾಚೆ ಕತ್ತಲು, ಕತ್ತಲಲ್ಲಿ ಅರ್ಧ ಕಾಣುವ ಮುಖಗಳು. ಬೆಳಕು ಸಾಲದೆ ಕ್ಯಾಮೆರಾ ಗೇನ್, ಅಂದರೆ ಸಂಕೇತದ ವರ್ಧನೆ, ಏರಿಸಿರುತ್ತದೆ. ಹಾಗಾಗಿ ಕತ್ತಲ ತುಂಬ ನಾಯ್ಸ್ ಕುಣಿಯುತ್ತಿರುತ್ತದೆ. ಬಿಟ್ ಸಾಲದಿದ್ದರೆ ಎನ್‌ಕೋಡರ್ ಮೊದಲು ಕೈಬಿಡುವುದು ಕತ್ತಲನ್ನು. ಬೆಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಿಂದಿನ ಮುಖಗಳು 16×16 ಚುಕ್ಕೆಗಳ ಚೌಕಗಳಾಗಿ ಕರಗುತ್ತವೆ. ಹೊಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಏಳುತ್ತವೆ. ಮನೆಯವರು ಹುಡುಕುವುದು ಬೆಂಕಿಯನ್ನಲ್ಲ, ಆ ಮುಖಗಳನ್ನು.

ಇದಕ್ಕೆ ಇಡೀ ಫೈಲ್‌ನ ಬಿಟ್‌ರೇಟ್ ಏರಿಸುವುದು ದಡ್ಡ ಉಪಾಯ. ಬಿಟ್‌ಗಳು ಕತ್ತಲ ಕಡೆಗೆ ಹರಿಯುವಂತೆ ಮಾಡಬೇಕು. ಎಕ್ಸ್264ರ ಎಕ್ಯೂ-ಮೋಡ್ 3 ಕತ್ತಲ ಭಾಗಗಳಿಗೆ ಹೆಚ್ಚು ಪಾಲು ಕೊಡುವಂತೆಯೇ ರೂಪಿಸಿದ ಹೊಂದಿಕೆ. ಅದರ ಜೊತೆ ಸಿಆರ್‌ಎಫ್ ಒಂದೆರಡು ಹೆಜ್ಜೆ ಇಳಿಸಿದರೆ ಮುಖಗಳು ಉಳಿಯುತ್ತವೆ. ಪಟ್ಟೆಗಳಿಗೆ ಮದ್ದು 10-ಬಿಟ್ ಎನ್‌ಕೋಡಿಂಗ್. 8-ಬಿಟ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ವಿಡಿಯೊಗೆ ಸಿಗುವುದು 220 ಮೆಟ್ಟಿಲು. 10-ಬಿಟ್‌ನಲ್ಲಿ ಅದರ ನಾಲ್ಕು ಪಟ್ಟು. ಮೂಲ 8-ಬಿಟ್ ಆಗಿದ್ದರೂ 10-ಬಿಟ್‌ನಲ್ಲಿ ಎನ್‌ಕೋಡ್ ಮಾಡಿದರೆ ಹೊಸ ಪಟ್ಟೆಗಳು ಹುಟ್ಟುವುದು ತಪ್ಪುತ್ತದೆ. ಆದರೆ ಇದನ್ನು ಎಚ್‌ಇವಿಸಿಯಲ್ಲೇ ಮಾಡಬೇಕು: 10-ಬಿಟ್ ಎಚ್.264 ಫೈಲನ್ನು ಟಿವಿಗಳ ಚಿಪ್‌ಗಳು ಸಾಮಾನ್ಯವಾಗಿ ಓದುವುದಿಲ್ಲ. ನಾಯ್ಸ್ ತೀರ ಅತಿಯಾದಾಗ ಹಗುರವಾಗಿ ಸೋಸುವುದುಂಟು. ಅಲ್ಲಿ ಕೈ ಬಿಗಿ ಹಿಡಿಯಬೇಕು. ಸೋಸುವ ಫಿಲ್ಟರ್‌ಗೆ ನಾಯ್ಸ್ ಯಾವುದು, ಮುಖದ ಸುಕ್ಕು ಯಾವುದು ಎಂಬ ಭೇದ ಗೊತ್ತಿಲ್ಲ.

ಹಗಲಿನ ಕಷ್ಟ ಬೇರೆ. ಕಾರಹುಣ್ಣಿಮೆಗೆ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಸಾಂಸ್ಕೃತಿಕ ಹಬ್ಬ ನಡೆಸುತ್ತಾರೆ. ಟನ್‌ಗಟ್ಟಲೆ ಭಾರದ ಕಲ್ಲನ್ನು ಎತ್ತುಗಳು ಎಳೆಯುವ ಸ್ಪರ್ಧೆ ಅದರ ಜೀವ. ಎತ್ತುಗಳ ಕಾಲಡಿಯಿಂದ ಏಳುವ ಧೂಳು, ಹಿಂದೆ ಸಾವಿರಾರು ಜನ, ಅವರ ಅಂಗಿ ರುಮಾಲುಗಳ ಬಣ್ಣ, ಎತ್ತಿನ ಜೊತೆಗೇ ತಿರುಗುವ ಕ್ಯಾಮೆರಾ. ಚೌಕಟ್ಟಿನ ಯಾವ ಮೂಲೆಯೂ ಸುಮ್ಮನಿಲ್ಲ. ಆದರೆ ವೇಗದ ಚಲನೆಯಲ್ಲಿ ಕಣ್ಣು ಸಣ್ಣ ವಿವರ ಹಿಡಿಯುವುದಿಲ್ಲ ಎಂಬುದು ಎನ್‌ಕೋಡರ್‌ಗೆ ಗೊತ್ತು. ಸಿಆರ್‌ಎಫ್ ಅಲ್ಲಿ ತಾನಾಗಿ ಸ್ವಲ್ಪ ಸಡಿಲ ಬಿಡುತ್ತದೆ. ಆದ್ದರಿಂದ ಬಿಟ್‌ರೇಟ್ 20 ಮೆಗಾಬಿಟ್‌ಗೆ ಜಿಗಿದರೂ ಗಾಬರಿಯಾಗಿ ಅಂಕಿ ಏರಿಸಬೇಕಿಲ್ಲ. ಆ ಕೆಲವು ನಿಮಿಷ ಜಾಸ್ತಿ ತಿನ್ನುತ್ತವೆ, ಬಹುಮಾನ ವಿತರಣೆಯ ಭಾಷಣಗಳಲ್ಲಿ ಅದು ಸರಿಹೋಗುತ್ತದೆ.

ಇಲ್ಲಿ ಬಿಟ್‌ರೇಟ್‌ಗಿಂತ ದೊಡ್ಡ ತಪ್ಪು ಇನ್ನೊಂದು ಕಡೆ ಆಗುತ್ತದೆ. ಭಾರತದಲ್ಲಿ ಹಿಡಿದ ಎವಿಸಿಎಚ್‌ಡಿ ವಿಡಿಯೊ ಬಹಳಷ್ಟು 1080ಐ50: ಸೆಕೆಂಡಿಗೆ 50 ಅರ್ಧ ಚಿತ್ರಗಳು, ಒಂದರಲ್ಲಿ ಬೆಸ ಸಾಲುಗಳು, ಮತ್ತೊಂದರಲ್ಲಿ ಸರಿ ಸಾಲುಗಳು. ಹಾಗೆಯೇ ಎನ್‌ಕೋಡ್ ಮಾಡಿದರೆ ಓಡುವ ಎತ್ತಿನ ಕೊಂಬಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತವೆ, ಆ ಹಲ್ಲುಗಳನ್ನು ಚಿತ್ರಿಸಲು ಬಿಟ್‌ಗಳೂ ಪೋಲಾಗುತ್ತವೆ. 25 ಪೂರ್ಣ ಚೌಕಟ್ಟಾಗಿ ಜೋಡಿಸಿದರೆ ಚಲನೆಯ ಅರ್ಧ ಕಳೆಯಿತು. ನಡಿಗೆ ಎಳೆದಂತೆ ಕಾಣುತ್ತದೆ. ಬಿಡಬ್ಲ್ಯುಡಿಐಎಫ್ ತರಹದ ಫಿಲ್ಟರ್‌ನಿಂದ ಸೆಕೆಂಡಿಗೆ 50 ಚೌಕಟ್ಟು ಮಾಡಿಕೊಳ್ಳುವುದೇ ಸರಿ. ಚೌಕಟ್ಟು ಇಮ್ಮಡಿಯಾದರೂ ಬಿಟ್‌ರೇಟ್ ಇಮ್ಮಡಿಯಾಗದು. ಪಕ್ಕಪಕ್ಕದ ಚೌಕಟ್ಟುಗಳು ಒಂದನ್ನೊಂದು ಹೆಚ್ಚು ಹೋಲುವುದರಿಂದ ಊಹಿಸುವುದು ಸುಲಭವಾಗುತ್ತದೆ.

ಮಾನ್ವಿಯಲ್ಲಿ ಭಾದ್ರಪದ ಶುದ್ಧ ನವಮಿಗೆ ಹರಿದಾಸ ಜಗನ್ನಾಥದಾಸರ ಆರಾಧನೆ. ಇಂಥ ಕಾರ್ಯಕ್ರಮದ ವಿಡಿಯೊದಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ, ಹಾಡುವವರು ಕುಳಿತಿರುತ್ತಾರೆ. ಸಿಆರ್‌ಎಫ್ 19ರಲ್ಲೂ 4 ಮೆಗಾಬಿಟ್ ದಾಟದ ಘಳಿಗೆಗಳೇ ಹೆಚ್ಚು. ಇಲ್ಲಿ ಬಿಟ್‌ಗಳನ್ನು ಕೊಡಬೇಕಾದದ್ದು ಧ್ವನಿಗೆ. ದಾಸರ ಪದ ಹಾಡಿದ ದನಿ, ತಂಬೂರಿಯ ಶ್ರುತಿ, ತಾಳದ ಕೊನೆಯ ನಾದ ಇವೆಲ್ಲ 96 ಕಿಲೊಬಿಟ್ ಧ್ವನಿಯಲ್ಲಿ ಒಣಗುತ್ತವೆ. ಡಿಸ್ಕ್‌ನಲ್ಲಿ ಪಿಸಿಎಂ, ಅಂದರೆ ಹಿಂಡದ ಧ್ವನಿ, ಇದ್ದರೆ ಅದು ಸೆಕೆಂಡಿಗೆ 1.5 ಮೆಗಾಬಿಟ್; ಫ್ಲ್ಯಾಕ್ ಮಾಡಿಟ್ಟರೆ ಏನೂ ಕಳೆಯದೆ ಚಿಕ್ಕದಾಗುತ್ತದೆ. ಡಾಲ್ಬಿ ಎಸಿ-3 ಇದ್ದರೆ ಮುಟ್ಟದೆ ಹಾಗೆಯೇ ನಕಲಿಸಿಕೊಳ್ಳಬೇಕು. ಈಗಾಗಲೇ ಹಿಂಡಿದ ಧ್ವನಿಯನ್ನು ಮತ್ತೆ ಹಿಂಡಿ ಉಳಿಸುವ ಮೂರು ಕಾಸಿಗೆ ಅರ್ಥವಿಲ್ಲ.

ಪರೀಕ್ಷೆ

ಇಡೀ ಡಿಸ್ಕ್ ಎನ್‌ಕೋಡ್ ಮಾಡಿ ಆಮೇಲೆ ನೋಡುವ ಬದಲು, ಅತಿ ಕಷ್ಟದ ಎರಡು ನಿಮಿಷ ಆರಿಸಿಕೊಂಡು 18, 20, 22ರಲ್ಲಿ ಮೂರು ತುಣುಕು ಮಾಡುವುದು ಒಳ್ಳೆಯದು. ಅವನ್ನು ಕಂಪ್ಯೂಟರ್ ಪರದೆಯಲ್ಲಿ ಅಲ್ಲ, ಯಾವ ಟಿವಿಯಲ್ಲಿ ನೋಡುತ್ತಾರೋ ಅದರಲ್ಲೇ, ದೀಪ ಆರಿಸಿ, ಸಾಮಾನ್ಯ ವೇಗದಲ್ಲಿ ನೋಡಬೇಕು. ಚೌಕಟ್ಟು ನಿಲ್ಲಿಸಿ ಹಿಗ್ಗಿಸಿ ನೋಡಿದರೆ ಎಲ್ಲದರಲ್ಲೂ ದೋಷ ಕಾಣುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಹೊರತಂದ ವಿಮ್ಯಾಫ್ ಅಳತೆಯನ್ನು ಎಫ್‌ಎಫ್‌ಎಂಪೆಗ್‌ನಲ್ಲೇ ಬಳಸಬಹುದು. ಅದು ಗುಣಮಟ್ಟಕ್ಕೆ 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಅದರ ಸರಾಸರಿಗಿಂತ ಅತಿ ಕಡಿಮೆ ಅಂಕ ಬಿದ್ದ ಚೌಕಟ್ಟುಗಳು ಯಾವುವು ಎಂದು ನೋಡುವುದು ಹೆಚ್ಚು ಉಪಯುಕ್ತ. ಕತ್ತಲಿನ ಪಟ್ಟೆಗಳ ವಿಷಯದಲ್ಲಿ ಮಾತ್ರ ಕಣ್ಣನ್ನೇ ನಂಬಬೇಕು.

ಕೋಡೆಕ್, ಯಂತ್ರ, ವಿದ್ಯುತ್

2003ರ ಎಚ್.264 ಇಂದಿಗೂ ಎಲ್ಲ ಕಡೆ ಓಡುತ್ತದೆ. 24 ಚೌಕಟ್ಟಿನ ಸಿನಿಮಾವನ್ನು ಹೈ ಪ್ರೊಫೈಲ್, ಲೆವೆಲ್ 4.1ರಲ್ಲಿ ಇಟ್ಟರೆ ಹಳೆಯ ಎಲ್‌ಇಡಿ ಟಿವಿಗಳೂ ಬಹುಮಟ್ಟಿಗೆ ಒಪ್ಪುತ್ತವೆ. 2013ರ ಎಚ್‌ಇವಿಸಿ ಅಷ್ಟೇ ಗುಣಮಟ್ಟಕ್ಕೆ ಸುಮಾರು ಅರ್ಧ ಬಿಟ್ ಸಾಕು ಎಂಬ ಗುರಿಯಿಂದ ಬಂದದ್ದು. ಕಣಗಳಿರುವ 1080ಪಿ ಚಿತ್ರಗಳಲ್ಲಿ ಮನೆಯಲ್ಲಿ ಸಿಗುವ ಉಳಿತಾಯ ಅದಕ್ಕಿಂತ ಕಡಿಮೆ. 2018ರ ಎವಿ1 ಇನ್ನೂ ಜಿಪುಣ, ಆದರೆ ಹೊಸ ಟಿವಿಗಳಲ್ಲಷ್ಟೇ ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್‌ಗಳು ನಿಮಿಷಗಳಲ್ಲಿ ಕೆಲಸ ಮುಗಿಸುತ್ತವೆ, ಪ್ರತಿಯಾಗಿ ಅಷ್ಟೇ ಚಿತ್ರಕ್ಕೆ ಹೆಚ್ಚು ಬಿಟ್ ಕೇಳುತ್ತವೆ. ಒಮ್ಮೆ ಮಾಡಿ ವರ್ಷಗಟ್ಟಲೆ ಇಡುವ ಪ್ರತಿಗೆ ಪ್ರೊಸೆಸರ್‌ನಲ್ಲೇ ನಿಧಾನವಾಗಿ ಮಾಡುವುದು ಲಾಭ.

ನಿಧಾನ ಎಂದರೆ ಎಷ್ಟು? ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಚೌಕಟ್ಟುಗಳು. ಯಂತ್ರ ಸೆಕೆಂಡಿಗೆ 20 ಚೌಕಟ್ಟು ಮುಗಿಸಿದರೆ ಮೂರು ಗಂಟೆ. ಎಚ್‌ಇವಿಸಿಯ ಸ್ಲೋ ಹೊಂದಿಕೆಯಲ್ಲಿ ಸೆಕೆಂಡಿಗೆ 4ಕ್ಕೆ ಇಳಿದರೆ ಹದಿನೈದು ಗಂಟೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇಂಥ ಕೆಲಸವನ್ನು ರಾತ್ರಿಗೆ ಹಚ್ಚುವುದು ಮೇಲು. ಕರೆಂಟ್ ಹೋಗುವ ಊರಿನಲ್ಲಿ ಇನ್ನೊಂದು ಮಾತು ನೆನಪಿರಬೇಕು. ಎಂಪಿ4 ಫೈಲ್‌ನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಯಂತ್ರ ನಿಂತರೆ ಹದಿನಾಲ್ಕು ಗಂಟೆಯ ಕೆಲಸವೂ ತೆರೆಯದ ಫೈಲ್ ಆಗುತ್ತದೆ. ಎಂಕೆವಿಯಲ್ಲಿ ಮಾಡಿದರೆ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಎಂಪಿ4 ಬೇಕೇ ಬೇಕಾದರೆ ಕೊನೆಗೆ ಪೆಟ್ಟಿಗೆ, ಅಂದರೆ ಫೈಲ್‌ನ ಮಾದರಿ, ಬದಲಿಸಿದರಾಯಿತು. ಅದಕ್ಕೆ ಮರು ಎನ್‌ಕೋಡ್ ಬೇಡ, ಒಂದೆರಡು ನಿಮಿಷ ಸಾಕು.

ಕಾನೂನು

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆಗಾಗಿ ನ್ಯಾಯಯುತ ಉಪಯೋಗಕ್ಕೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಿಂದ ಬಂದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಬೀಗ ಮುರಿಯುವುದನ್ನು ಎರಡು ವರ್ಷದವರೆಗೆ ಜೈಲಾಗುವ ಅಪರಾಧವೆನ್ನುತ್ತದೆ. ಅಂಗಡಿಯ ಬ್ಲೂ-ರೇ ಡಿಸ್ಕ್‌ಗಳಲ್ಲಿ ಎಎಸಿಎಸ್ ಎಂಬ ಅಂಥ ಬೀಗವಿರುತ್ತದೆ. ಪ್ರತಿಯನ್ನು ಹಂಚಿದರೆ, ಮಾರಿದರೆ ಖಾಸಗಿ ಬಳಕೆಯ ನೆಪ ನಿಲ್ಲುವುದಿಲ್ಲ. ಕರ್ನಾಟಕದ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಪೈರಸಿ ಮಾಡುವವರ ಉಲ್ಲೇಖವಿದೆ. ಮದುವೆಯ ಡಿಸ್ಕ್‌ನ ಮಾತು ಬೇರೆ: ಹಣ ಕೊಟ್ಟು ಮಾಡಿಸಿದ ಚಿತ್ರೀಕರಣಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರೆಂದು 17ನೇ ಕಲಮು ಹೇಳುತ್ತದೆ. ಅದರ ಹಿನ್ನೆಲೆಗೆ ಹಾಕಿದ ಸಿನಿಮಾ ಹಾಡಿನ ಹಕ್ಕು ಮಾತ್ರ ಮನೆಯವರದಲ್ಲ.

ಮೂಲವನ್ನು ಉಳಿಸುವುದು

ಬರೆಯುವ ಡಿವಿಡಿಗಳಲ್ಲಿ ದತ್ತಾಂಶ ನಿಲ್ಲುವುದು ಬಹುತೇಕ ಬಣ್ಣದ ಪದರದ ಮೇಲೆ. ಸೆಕೆ, ಬಿಸಿಲು ಅದನ್ನು ಮಂಕಾಗಿಸುತ್ತವೆ. ತಗಡಿನ ಮಾಡಿನ ಕೋಣೆಯ ಟ್ರಂಕಿನಲ್ಲಿ ಹತ್ತು ಬೇಸಿಗೆ ಕಳೆದ ಡಿವಿಡಿಯನ್ನು ಇನ್ನೂ ನಂಬಿಕೊಂಡಿರಬಾರದು. ಸೋನಿ ಕಂಪನಿ ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಬಹುತೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಹಾಗಾಗಿ ಕೌಟುಂಬಿಕ ಡಿಸ್ಕ್‌ಗಳ ವಿಷಯದಲ್ಲಿ ಬಿಟ್‌ರೇಟ್‌ಗೂ ಮೊದಲಿನ ಪ್ರಶ್ನೆ, ಸಂಕೋಚನ ಬೇಕೇ ಎಂಬುದು. ಆರು ಎವಿಸಿಎಚ್‌ಡಿ ಡಿಸ್ಕ್‌ಗಳ ಮದುವೆ ಒಟ್ಟು 28 ಜಿಬಿ. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಅಂಥ ಮೂವತ್ತಕ್ಕೂ ಹೆಚ್ಚು ಮದುವೆಗಳು ಮೂಲ ಸ್ಥಿತಿಯಲ್ಲೇ ಹಿಡಿಯುತ್ತವೆ. ಡಿಸ್ಕ್‌ನ ಎಂಟಿಎಸ್ ಅಥವಾ ಎಂ2ಟಿಎಸ್ ಫೈಲ್‌ಗಳನ್ನು ಒಂದು ಬಿಟ್ ಮುಟ್ಟದೆ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲಿಸಿ, ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ನಕಲಾದ ಮೇಲೆ ಚೆಕ್‌ಸಮ್ ಹೋಲಿಸಿ, ಫೈಲ್‌ನ ಮೊದಲು, ನಡು, ಕೊನೆ ಮೂರೂ ಕಡೆ ಓಡಿಸಿ ನೋಡಬೇಕು. ಟಿವಿಗೆ, ಫೋನಿಗೆ, ದೂರದ ನೆಂಟರಿಗೆ ಕಳುಹಿಸಲು ಬೇಕಾದ ಚಿಕ್ಕ ಪ್ರತಿಯನ್ನು ಸಿಆರ್‌ಎಫ್ 20ರಲ್ಲೋ 22ರಲ್ಲೋ ಈ ನಕಲಿನಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಮುಂದೆ ಇನ್ನೂ ಒಳ್ಳೆಯ ಕೋಡೆಕ್ ಬಂದಾಗ ಅದರಲ್ಲೂ ಹೊಸದಾಗಿ ಮಾಡಿಕೊಳ್ಳಬಹುದು.